ಹೆಳವರ ಪುಸ್ತಕದಲ್ಲಿ ಬರೆಯದೇ ಉಳಿದ ಸಾವುಗಳು

ನಮ್ಮ ಕಡೆ ಮನೆತನದ ಚರಿತ್ರೆಯನ್ನು ಕಾಯುವುದಕ್ಕೆ ಹೆಳವರಿದ್ದಾರೆ. ಸುಗ್ಗಿ ಮುಗಿದು ಕಾಳು ಮನೆ ಸೇರಿದ ಮೇಲೆ, ಕೆಲವು ವರ್ಷಗಳಿಗೊಮ್ಮೆ ಊರಿಗೆ ಬರುತ್ತಾರೆ. ಹಿಂದೆ ಎತ್ತಿನ ಮೇಲೆ ಕುಳಿತು ಬರುತ್ತಿದ್ದರು. ಮನೆಯ ಕಟ್ಟೆಯ ಮೇಲೆ ಕುಳಿತು ಮೂಲಪುರುಷ ಯಾವ ಊರಿನಿಂದ ಬಂದ, ಅವನಿಗೆ ಎಷ್ಟು ಜನ ಮಕ್ಕಳು, ಯಾರು ಯಾರಿಂದ ಬೇರೆಯಾದರು, ನಮ್ಮ ಬೆಡಗು, ಅಂದರೆ ಕುಲದ ಕವಲು, ಯಾವುದು ಎಂದು ಒಂದೇ ಉಸಿರಿನಲ್ಲಿ ಹೇಳುತ್ತಾ ಹೋಗುತ್ತಾರೆ. ಮನೆಯವರು ಜೋಳ, ಬಟ್ಟೆ, ದುಡ್ಡು ಕೊಟ್ಟು ಗೌರವಿಸಿ ಕಳಿಸುತ್ತಾರೆ. ಹೊಸದಾಗಿ ಹುಟ್ಟಿದ ಗಂಡುಮಕ್ಕಳ ಹೆಸರು ಪುಸ್ತಕಕ್ಕೆ ಸೇರುತ್ತದೆ.

ನನ್ನ ತವರು ಬೀಳಗಿ ತಾಲ್ಲೂಕಿನಲ್ಲಿ, ಕೃಷ್ಣೆಯ ದಂಡೆಯ ಮೇಲಿತ್ತು. ಆಲಮಟ್ಟಿಯ ಹಿನ್ನೀರು ಬಂದು ಮುಳುಗಡೆಯಾಯಿತು. ಮನೆ ಹೋಯಿತು, ಹೊಲ ಹೋಯಿತು, ಹಿರಿಯರನ್ನು ಮಣ್ಣು ಮಾಡಿದ ಜಾಗವೂ ನೀರೊಳಗೆ ಹೋಯಿತು. ಒಂದೇ ಓಣಿಯಲ್ಲಿದ್ದ ಅಣ್ಣತಮ್ಮಂದಿರ ಮನೆಗಳು ಪರಿಹಾರದ ದುಡ್ಡು ಹಿಡಿದುಕೊಂಡು ಪುನರ್ವಸತಿ ಕೇಂದ್ರಕ್ಕೆ, ಬಾಗಲಕೋಟೆಯ ನವನಗರಕ್ಕೆ, ಜಮಖಂಡಿಯ ಕಡೆಗೆ ಚದುರಿದವು. ಚದುರಿದವರನ್ನೆಲ್ಲ ಹುಡುಕಿಕೊಂಡು ಬಂದು ಮತ್ತೆ ಒಂದೇ ಬಳ್ಳಿಗೆ ಕಟ್ಟಿದವರು ಹೆಳವರೇ. ಅವರ ಬಗ್ಗೆ ನನಗಿರುವ ಗೌರವ ದೊಡ್ಡದು.

ಆದರೆ ಆ ಪುಸ್ತಕದಲ್ಲಿ ಎರಡು ಸಂಗತಿಗಳು ಇಲ್ಲ. ಅಜ್ಜ, ಮುತ್ತಜ್ಜರ ಹೆಸರಿದೆ. ಅವರು ಯಾವ ವಯಸ್ಸಿಗೆ, ಹೇಗೆ ಸತ್ತರು ಎನ್ನುವುದಿಲ್ಲ. ಗಂಡುಮಕ್ಕಳ ಸಾಲಿದೆ, ನನ್ನ ಸೋದರತ್ತೆಯ ಹೆಸರಿಲ್ಲ, ನನ್ನದೂ ಇಲ್ಲ. ಆ ಪುಸ್ತಕ ಹುಟ್ಟಿದ್ದು ಬೆಡಗಿನ ಸಲುವಾಗಿ, ವಂಶ ಮತ್ತು ಹಕ್ಕಿನ ಸಲುವಾಗಿ. ಅದರ ಕೆಲಸವನ್ನು ಅದು ಮಾಡಿದೆ. ನಮ್ಮ ಮನೆಗೆ ಬೇಕಾಗಿ ಬಂದದ್ದು ಬೇರೆಯದೇ ಚರಿತ್ರೆ. ಅದನ್ನು ಕಟ್ಟುವ ಕೆಲಸ ಮದುವೆಯಾಗಿ ವಿಜಯಪುರಕ್ಕೆ ಬಂದ ಮಗಳಾದ ನನ್ನ ಪಾಲಿಗೆ ಬಂತು.

ಅಣ್ಣ ಕಬ್ಬಿನ ರೈತ. ನಲವತ್ತೈದು ದಾಟಿದ ಮೇಲೆ ಗದ್ದೆಯ ಬದು ಹತ್ತುವಾಗ ದಮ್ಮು ಹತ್ತುತ್ತದೆ ಎನ್ನತೊಡಗಿದ. ಎದೆ ಬಿಗಿದಂತಾಗುತ್ತದೆ ಎಂದಾಗ ಹತ್ತಿರದ ಪಟ್ಟಣದ ವೈದ್ಯರೊಬ್ಬರು ಪಿತ್ತವೆಂದು ಗುಳಿಗೆ ಕೊಟ್ಟರು. ಒಂದು ದಿನ ಕಬ್ಬಿನ ಹೊರೆ ಎತ್ತುತ್ತಿರುವಾಗಲೇ ಕಣ್ಣು ಕತ್ತಲೆ ಬಂದು ಬಿದ್ದುಬಿಟ್ಟ. ಬೆಳಗಾವಿಗೆ ಕರೆದುಕೊಂಡು ಹೋದೆವು. ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿದ ವೈದ್ಯರು ಹೇಳಿದ್ದು ಇಷ್ಟು: ಹೃದಯದಿಂದ ಮೈಗೆಲ್ಲ ರಕ್ತ ಹೊರಡುವ ಬಾಗಿಲಲ್ಲಿರುವ ಮಹಾಧಮನಿಯ ಕವಾಟಕ್ಕೆ ಮೂರು ಎಸಳಿರಬೇಕು, ನಿಮ್ಮ ಅಣ್ಣನಿಗೆ ಹುಟ್ಟಿನಿಂದಲೇ ಎರಡು, ಆ ಎರಡೂ ಈಗ ಸುಣ್ಣಗಟ್ಟಿ ಬಿರುಸಾಗಿವೆ.

ದಮ್ಮು, ಎದೆನೋವು, ಶ್ರಮದ ಹೊತ್ತಿನಲ್ಲಿ ಎಚ್ಚರ ತಪ್ಪುವುದು. ಮಹಾಧಮನಿಯ ಕವಾಟ ಕಿರಿದಾದಾಗ ಕಾಣುವ ಮೂರು ಮುಖ್ಯ ಲಕ್ಷಣಗಳು ಇವೇ, ಮೂರೂ ಅಣ್ಣನಿಗಿದ್ದವು. ಹೃದಯ ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿಯುತ್ತದೆ. ಆ ಪ್ರತಿ ಬಡಿತದಲ್ಲೂ ಅರ್ಧ ತೆರೆದ ತೂಬಿನಿಂದ ಇಡೀ ಕಾಲುವೆಯ ನೀರನ್ನು ದೂಡಿದ ಹಾಗೆ ಅದು ದುಡಿಯಬೇಕಾಗುತ್ತದೆ. ಎಷ್ಟೋ ವರ್ಷ ಗೋಡೆ ದಪ್ಪ ಮಾಡಿಕೊಂಡು ಸಹಿಸುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಲಕ್ಷಣಗಳು ಶುರುವಾದ ಮೇಲೆ ಮಾತ್ರ ಕಾಲ ಬಹಳ ಇರುವುದಿಲ್ಲ. ಶಸ್ತ್ರಚಿಕಿತ್ಸೆ ಮಾಡದಿದ್ದರೆ ಹೆಚ್ಚಿನವರು ಎರಡರಿಂದ ಐದು ವರ್ಷದೊಳಗೆ ತೀರಿಹೋಗುತ್ತಾರೆ ಎಂಬುದು 1960ರ ದಶಕದಿಂದಲೇ ವೈದ್ಯರಿಗೆ ಗೊತ್ತಿರುವ ವಿಚಾರ.

ಅಣ್ಣನಿಗೆ ಯಾಂತ್ರಿಕ ಕವಾಟ ಕೂರಿಸಿದರು. ಈಗ ಆರಾಮಾಗಿದ್ದಾನೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಗುಳಿಗೆ ಜೀವಮಾನವಿಡೀ ಬೇಕು, ರಕ್ತ ಎಷ್ಟು ತೆಳುವಾಗಿದೆ ಎಂದು ತಿಳಿಯಲು ಐಎನ್‌ಆರ್ ಪರೀಕ್ಷೆ ಆಗಾಗ ಆಗಬೇಕು. ರೊಟ್ಟಿಯ ಜೊತೆ ಹಸಿ ಮೆಂತ್ಯ ಸೊಪ್ಪು, ಹಕ್ಕರಕಿ ತಿಂದು ಬೆಳೆದವರು ನಾವು. ಸೊಪ್ಪಿನಲ್ಲಿರುವ ವಿಟಮಿನ್ ಕೆ ಆ ಗುಳಿಗೆಯ ಬಲವನ್ನು ಕುಗ್ಗಿಸುತ್ತದೆ. ಬಿಡಬೇಕಾಗಿಲ್ಲ, ಒಂದು ದಿನ ಕಟ್ಟುಗಟ್ಟಲೆ ತಿಂದು ಇನ್ನೊಂದು ದಿನ ಮುಟ್ಟದೇ ಇರುವುದು ಬೇಡ, ದಿನಾಲೂ ಒಂದೇ ಅಳತೆಯಿರಲಿ ಎಂದು ವೈದ್ಯರು ಹೇಳಿದ್ದನ್ನು ಅಣ್ಣನ ಹೆಂಡತಿ, ನಮ್ಮ ವೈನಿ, ತಪ್ಪದೇ ನಡೆಸುತ್ತಾ ಬಂದಿದ್ದಾರೆ. ಇಂಥ ಕವಾಟಗಳನ್ನು ನಮ್ಮ ದೇಶದಲ್ಲೇ ತಯಾರಿಸುವುದಕ್ಕೆ ದಾರಿ ಮಾಡಿದ್ದು ತಿರುವನಂತಪುರದ ಶ್ರೀ ಚಿತ್ರ ತಿರುನಾಳ್ ಸಂಸ್ಥೆ. ಎಂ. ಎಸ್. ವಲಿಯತ್ತಾನ್ ಅವರ ನೇತೃತ್ವದಲ್ಲಿ ಅಲ್ಲಿ ಬೆಳೆದ ಚಿತ್ರ ಕವಾಟವನ್ನು ಮೊದಲ ಸಲ ಮನುಷ್ಯರಿಗೆ ಅಳವಡಿಸಿದ್ದು 1990ರ ಡಿಸೆಂಬರ್‌ನಲ್ಲಿ. ಹೊರದೇಶದ ಬೆಲೆ ಕೊಡಲಾಗದ ಎಷ್ಟೋ ಬಡ ಮನೆಗಳು ಅದರಿಂದ ಉಳಿದುಕೊಂಡವು. ಇದನ್ನು ನೆನೆಯದೇ ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ.

ಆಸ್ಪತ್ರೆಯಿಂದ ಬಿಡುಗಡೆ ಮಾಡುವ ದಿನ ವೈದ್ಯರು ನನ್ನನ್ನು ಕರೆದು ಹೇಳಿದ ಮಾತು ಇನ್ನೊಂದಿತ್ತು. "ಇವರ ಒಡಹುಟ್ಟಿದವರು, ಮಕ್ಕಳು ಎಲ್ಲರಿಗೂ ಒಂದೊಂದು ಎಕೋ ಮಾಡಿಸಿ. ನಿಮ್ಮ ಮನೆಯಲ್ಲಿ ಹಿಂದೆ ಯಾರಾದರೂ ಏಕಾಏಕಿ ತೀರಿಕೊಂಡಿದ್ದರೆ ವಿಚಾರಿಸಿಕೊಂಡು ಬನ್ನಿ."

ಎರಡೆಸಳಿನ ಕವಾಟ ಅಪರೂಪದ್ದೇನಲ್ಲ. ನೂರು ಜನರಲ್ಲಿ ಒಬ್ಬರಿಗೋ ಇಬ್ಬರಿಗೋ ಇರುತ್ತದೆ. ಹುಟ್ಟಿನಿಂದ ಬರುವ ಹೃದಯದ ದೋಷಗಳಲ್ಲಿ ಇಷ್ಟು ಸಾಮಾನ್ಯವಾದದ್ದು ಇನ್ನೊಂದಿಲ್ಲ. ಗಂಡಸರಲ್ಲಿ ಹೆಂಗಸರಿಗಿಂತ ಎರಡು ಮೂರು ಪಟ್ಟು ಹೆಚ್ಚು. ಬಹಳ ಜನರಿಗೆ ಅದು ಇರುವುದೇ ಗೊತ್ತಾಗುವುದಿಲ್ಲ. ಆದರೆ ಒಬ್ಬರಲ್ಲಿ ಇದ್ದರೆ ಅವರ ತಂದೆ ತಾಯಿ, ಒಡಹುಟ್ಟಿದವರು, ಮಕ್ಕಳಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಇರುವ ಸಾಧ್ಯತೆ ಇರುತ್ತದೆ. ನೂರರಲ್ಲಿ ಒಬ್ಬರು ಎನ್ನುವುದಕ್ಕೂ ಹತ್ತರಲ್ಲಿ ಒಬ್ಬರು ಎನ್ನುವುದಕ್ಕೂ ನಡುವೆ ಇರುವ ಅಂತರವೇ ರಕ್ತಸಂಬಂಧ. 2005ರಲ್ಲಿ ನಾಚ್1 ಎಂಬ ಜೀನ್‌ನಲ್ಲಿ ಬದಲಾವಣೆಯಾಗಿ ಈ ದೋಷ ಪೀಳಿಗೆಯಿಂದ ಪೀಳಿಗೆಗೆ ಬಂದಿದ್ದ ಕುಟುಂಬಗಳನ್ನು ವಿಜ್ಞಾನಿಗಳು ಗುರುತಿಸಿದರು. ಹೆಚ್ಚಿನ ಮನೆಗಳಲ್ಲಿ ಮಾತ್ರ ಹೀಗೆ ಒಂದೇ ಜೀನ್‌ನತ್ತ ಬೊಟ್ಟು ಮಾಡಲು ಬರುವುದಿಲ್ಲ. ಆದ್ದರಿಂದ ರಕ್ತದ ಜೀನ್ ಪರೀಕ್ಷೆಗಿಂತ ಎಕೋ ಮತ್ತು ಮನೆಯ ಹಿರಿಯರ ನೆನಪು ಇವೆರಡೇ ಇವತ್ತಿಗೂ ದೊಡ್ಡ ಆಧಾರ.

ಎಕೋ ನಮ್ಮದೇ ಜಿಲ್ಲೆಗಳಲ್ಲಿ ಆಗುತ್ತದೆ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಮೂರೂ ಕಡೆ ವೈದ್ಯಕೀಯ ಕಾಲೇಜುಗಳ ದೊಡ್ಡ ಆಸ್ಪತ್ರೆಗಳಿವೆ. ಸೂಜಿಯಿಲ್ಲ, ವಿಕಿರಣವಿಲ್ಲ, ಎದೆಗೆ ಜೆಲ್ ಹಚ್ಚಿ ಶಬ್ದದ ಅಲೆಗಳಿಂದ ನೋಡುವುದು, ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಕಷ್ಟವಾದದ್ದು ನೆನಪಿನ ಭಾಗ.

ನಮ್ಮಲ್ಲಿ ಸಾವನ್ನು ದಾಖಲಿಸುವ ರೀತಿಯೇ ಬೇರೆ. ಜನನ ಮರಣ ನೋಂದಣಿ ಕಾಯ್ದೆ ಬಂದದ್ದು 1969ರಲ್ಲಿ. ಅದಕ್ಕಿಂತ ಹಿಂದಿನ ಅಜ್ಜನ ಸಾವಿಗೆ ಕಾಗದವನ್ನು ಹುಡುಕುವುದಾದರೂ ಎಲ್ಲಿ? ಊರು ಮುಂಬೈ ಪ್ರಾಂತದಲ್ಲಿತ್ತು, 1956ರ ನಂತರ ಮೈಸೂರು ರಾಜ್ಯಕ್ಕೆ ಬಂತು, 1997ರವರೆಗೆ ವಿಜಾಪುರ ಜಿಲ್ಲೆಯಲ್ಲಿತ್ತು, ಆಮೇಲೆ ಬಾಗಲಕೋಟೆ ಜಿಲ್ಲೆಗೆ ಸೇರಿತು, ಕೊನೆಗೆ ಊರೇ ಇಲ್ಲವಾಯಿತು. ಕಾಗದ ಸಿಕ್ಕಿದರೂ ಮನೆಯಲ್ಲಿ ಸತ್ತವರಿಗೆ ವೈದ್ಯರು ಬರೆದ ಕಾರಣ ಇರುವುದು ಕಡಿಮೆ. ಉಳಿಯುವುದು ಹೆಣ್ಣುಮಕ್ಕಳ ಬಾಯಲ್ಲಿ ಮಾತ್ರ. ಹೆಣದ ಪಕ್ಕ ಕುಳಿತು ರಾತ್ರಿ ಕಳೆದವರು ಅವರೇ, ಸಾಯುವ ಮುನ್ನ ಏನಂದ, ಎಲ್ಲಿ ಕೈ ಇಟ್ಟುಕೊಂಡ, ನೀರು ಕೇಳಿದನೋ ಇಲ್ಲವೋ ಎಂದು ಹಾಡಿಕೊಂಡು ಅತ್ತವರೂ ಅವರೇ.

ಹೀಗಾಗಿ ನಾನು ಪಂಚಮಿಯನ್ನು ಕಾದೆ. ನಾಗರ ಪಂಚಮಿಗೆ ನಮ್ಮ ಕಡೆ ಮದುವೆಯಾದ ಹೆಣ್ಣುಮಕ್ಕಳೆಲ್ಲ ತವರಿಗೆ ಬರುತ್ತಾರೆ. ಎಳ್ಳುಂಡಿ, ಶೇಂಗಾ ಉಂಡಿ, ಅಳ್ಳಿಟ್ಟು ಮಾಡುತ್ತಾ, ಜೋಕಾಲಿ ಕಟ್ಟುತ್ತಾ ವರ್ಷದ ಮಾತೆಲ್ಲ ಹೊರಬರುತ್ತದೆ. ಅಥಣಿ ತಾಲ್ಲೂಕಿಗೆ ಕೊಟ್ಟಿದ್ದ ಅತ್ತೆ, ಅಪ್ಪನ ಅಕ್ಕ, ಎಪ್ಪತ್ತು ದಾಟಿದವರು, ಬಂದಿದ್ದರು. ಉಂಡಿ ಕಟ್ಟುತ್ತಿದ್ದ ಅವರ ಪಕ್ಕ ನೋಟ್‌ಬುಕ್ ಹಿಡಿದು ಕುಳಿತೆ.

"ಅಜ್ಜ ಹೇಗೆ ಹೋದರು ಅತ್ತೆ?"

"ಕಣದಲ್ಲಿ ಜೋಳದ ಚೀಲ ಹೆಗಲಿಗೆ ಏರಿಸುತ್ತಿದ್ದ. ಹಾಗೇ ಕುಸಿದ. ನಾವು ಹೋಗುವಷ್ಟರಲ್ಲಿ ಏನೂ ಇರಲಿಲ್ಲ. ಹಾವು ಮುಟ್ಟಿರಬೇಕು ಅಂದರು. ಕಾಲಲ್ಲಿ ಗಾಯ ಹುಡುಕಿದರು, ಸಿಗಲಿಲ್ಲ."

"ಅದಕ್ಕೆ ಮೊದಲು ಏನಾದರೂ ತೊಂದರೆ ಇತ್ತೇ?"

"ಒಂದೆರಡು ವರ್ಷದಿಂದ ದಮ್ಮು ಅನ್ನುತ್ತಿದ್ದ. ಬಾವಿಯಿಂದ ಮೇಲೆ ಬರುವಾಗ ಎರಡು ಸಲ ಕುಳಿತುಕೊಳ್ಳುತ್ತಿದ್ದ. ಬೀಡಿ ಬಿಡು ಅಂತ ನಿಮ್ಮ ಆಯಿ ಬೈಯುತ್ತಿದ್ದಳು."

ಅಪ್ಪನ ತಮ್ಮ, ನಮ್ಮ ಕಾಕಾನ ಸಾವಿನ ಕಥೆ ನನಗೆ ಗೊತ್ತಿತ್ತು, ಆದರೆ ಊರು ಹೇಳುವ ಹಾಗೆ ಗೊತ್ತಿತ್ತು. ಕಾಕಾ ಹೆಸರುವಾಸಿ ಆಳು. ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವ ಸ್ಪರ್ಧೆಗೆ ಹೋಗುತ್ತಿದ್ದರು. ಒಂದು ಜಾತ್ರೆಯಲ್ಲಿ ಗೆದ್ದು ಬಂದು ಅದೇ ರಾತ್ರಿ ತೀರಿಕೊಂಡರು. ಕಣ್ಣು ಬಿತ್ತು, ದೃಷ್ಟಿ ಬಡಿಯಿತು ಎಂದು ಊರೆಲ್ಲ ಮಾತನಾಡಿಕೊಂಡಿತು. ಅತ್ತೆ ಆ ರಾತ್ರಿ ಅಲ್ಲಿದ್ದರು. ಅವರು ಹೇಳಿದ್ದನ್ನು ನಾನು ಅವರ ಮಾತಿನಲ್ಲೇ ಬರೆದುಕೊಂಡೆ: "ಎದೆಯಲ್ಲಿ ಏನೋ ಹರಿದಂಗಾಯಿತು ಅಕ್ಕಾ ಅಂದ. ಆಮೇಲೆ ಬೆನ್ನಿಗೆ ಹೋಯಿತು ಅಂದ, ಎರಡು ಭುಜದ ನಡುವೆ ಕೈ ಇಡು ಅಂದ. ಬೆವರು ಹರಿಯಿತು. ಕೋಳಿ ಕೂಗುವಷ್ಟರಲ್ಲಿ ಮುಗಿಯಿತು."

ಸತ್ತವರಿಗೆ ರೋಗ ಇಂಥದ್ದೇ ಎಂದು ನಿರ್ಧರಿಸಲು ಯಾರಿಗೂ ಆಗುವುದಿಲ್ಲ, ನಾನೂ ನಿರ್ಧರಿಸುತ್ತಿಲ್ಲ. ಆದರೆ ಆ ವಿವರಣೆಯನ್ನು ವೈದ್ಯರ ಮುಂದೆ ಓದಿದಾಗ ಅವರು ಪೆನ್ನು ಕೆಳಗಿಟ್ಟು, ಕಾಕಾನಿಗೆ ಮಕ್ಕಳಿದ್ದಾರೆಯೇ ಎಂದು ಕೇಳಿದರು.

ಎರಡೆಸಳಿನ ಕವಾಟದ ಜೊತೆ ಬರುವ ಇನ್ನೊಂದು ತೊಂದರೆ ಮಹಾಧಮನಿಯದು. ಕವಾಟ ಚೆನ್ನಾಗಿ ಕೆಲಸ ಮಾಡುತ್ತಿದ್ದರೂ ಅದರ ಮೇಲಿನ ಧಮನಿ ವರ್ಷಗಳುದ್ದಕ್ಕೂ ಹಿಗ್ಗಬಹುದು, ಗೋಡೆ ದುರ್ಬಲವಾಗಬಹುದು. ಭಾರ ಎತ್ತಲು ಉಸಿರು ಬಿಗಿಹಿಡಿದಾಗ ರಕ್ತದೊತ್ತಡ ಕ್ಷಣಮಾತ್ರದಲ್ಲಿ ಬಹಳ ಮೇಲೇರುತ್ತದೆ. ಹಿಗ್ಗಿದ ಧಮನಿಯ ಒಳಪದರ ಅಂಥ ಹೊತ್ತಿನಲ್ಲಿ ಸೀಳಿದರೆ ಎದೆಯಿಂದ ಬೆನ್ನಿಗೆ ಹರಿಯುವ, ಹರಿದಂತೆಯೇ ಅನ್ನಿಸುವ ನೋವು ಬರುತ್ತದೆ. ಕಾಕಾನ ಮಗನಿಗೆ ಮೈಯಲ್ಲಿ ಯಾವ ತಕರಾರೂ ಇರಲಿಲ್ಲ. ಎಕೋದಲ್ಲಿ ಎರಡೆಸಳಿನ ಕವಾಟ ಕಂಡಿತು, ಸೋರಿಕೆಯಿಲ್ಲ, ಬಿರುಸಿಲ್ಲ. ಆದರೆ ಮಹಾಧಮನಿ 5 ಸೆಂಟಿಮೀಟರ್‌ಗಿಂತ ಸ್ವಲ್ಪ ಹೆಚ್ಚಿಗೇ ಹಿಗ್ಗಿತ್ತು. ಸಿ.ಟಿ. ಮಾಡಿಸಿದಾಗಲೂ ಅಳತೆ ಅಷ್ಟೇ ಬಂತು.

ಇಂಥವರಿಗೆ ಸಾಮಾನ್ಯವಾಗಿ ಧಮನಿ 5.5 ಸೆಂಟಿಮೀಟರ್ ಮುಟ್ಟಿದಾಗ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ಮನೆಯಲ್ಲಿ ಯಾರಿಗಾದರೂ ಮಹಾಧಮನಿ ಸೀಳಿದ ಚರಿತ್ರೆ ಇದ್ದರೆ, ಅಥವಾ ಅಂಥ ಇನ್ನೇನಾದರೂ ಅಪಾಯದ ಗುರುತು ಇದ್ದರೆ, 5ಕ್ಕೇ ಮಾಡುವ ವಿಚಾರ ನಡೆಸುತ್ತಾರೆ. ನಡುವೆ ಇರುವುದು ಅರ್ಧ ಸೆಂಟಿಮೀಟರ್. ಆ ಅರ್ಧ ಸೆಂಟಿಮೀಟರ್ ಅನ್ನು ತೀರ್ಮಾನಿಸಿದ್ದು ಯಂತ್ರವಲ್ಲ, ಎಂದೂ ಶಾಲೆಯ ಮೆಟ್ಟಿಲು ಹತ್ತದ ನಮ್ಮ ಅತ್ತೆಯ ನೆನಪು. ಹಳೆಯ ಸಾವಿನ ಬಾಯಿಮಾತು ಪೂರ್ತಿ ಸಾಕ್ಷಿಯಾಗುವುದಿಲ್ಲ ಎಂದು ವೈದ್ಯರು ಸ್ಪಷ್ಟವಾಗಿ ಹೇಳಿದರು, ಆದರೂ ಅದನ್ನು ತೂಕಕ್ಕೆ ಹಾಕಿಕೊಂಡರು. ಕಾಕಾನ ಮಗನಾದ ಈ ತಮ್ಮನಿಗೆ ಕಳೆದ ಚಳಿಗಾಲದಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಕಬ್ಬಿನ ಲಾರಿ ತುಂಬುವ ಕೆಲಸ ಬಿಟ್ಟು ಈಗ ಗೊಬ್ಬರದ ಅಂಗಡಿ ನೋಡಿಕೊಳ್ಳುತ್ತಾನೆ.

ಅತ್ತೆಗೂ ಎಕೋ ಮಾಡಿಸಿದೆವು. "ನನಗೇಕೆ, ನಾನು ಹೊರಟವಳು" ಎಂದು ಹಠ ಹಿಡಿದರು. ನಿಮಗಾಗಿ ಬೇಡ, ಮೊಮ್ಮಕ್ಕಳಿಗಾಗಿ ಎಂದ ಮೇಲೆ ಒಪ್ಪಿದರು. ಅವರದೂ ಎರಡೆಸಳು! ಎಪ್ಪತ್ತು ದಾಟಿದರೂ ಅಲ್ಪಸ್ವಲ್ಪ ಬಿರುಸು ಬಿಟ್ಟರೆ ಬೇರೇನೂ ಇಲ್ಲ. ಅಜ್ಜನ ಮನೆಯಿಂದ ಹೊರಟದ್ದು ಒಬ್ಬನನ್ನು ಮೂವತ್ತರ ಸುಮಾರಿಗೆ ಎತ್ತಿಕೊಂಡು ಹೋಗಿತ್ತು, ಇನ್ನೊಬ್ಬರ ಎದೆಯಲ್ಲಿ ಎಪ್ಪತ್ತು ವರ್ಷ ಸುಮ್ಮನೆ ಕುಳಿತಿತ್ತು. ಒಂದೇ ಬಗೆಯ ದೋಷ ಒಂದೇ ಮನೆಯಲ್ಲಿ ಇಷ್ಟು ಬೇರೆ ಬೇರೆಯಾಗಿ ನಡೆದುಕೊಳ್ಳುತ್ತದೆ ಎಂಬುದನ್ನು ನಾನು ಆವತ್ತು ಕಣ್ಣಾರೆ ಕಂಡೆ.

ಅತ್ತೆಯ ಇಬ್ಬರು ಹೆಣ್ಣುಮಕ್ಕಳಿಗೂ ಕವಾಟ ಸರಿಯಾಗಿದೆ. ಆದರೆ ಅಥಣಿಯಲ್ಲಿರುವ ಮಗಳ ಹುಡುಗನಿಗೆ, ಸೇನೆಯ ನೇಮಕಾತಿಗೆಂದು ಬೆಳಗ್ಗೆ ಬೆಳಗ್ಗೆ ಓಡುತ್ತಿದ್ದ ಹುಡುಗನಿಗೆ, ಅಜ್ಜಿಯ ಹಾಗೆಯೇ ಎರಡೆಸಳು ಕಂಡಿತು. ನಡುವಿನ ತಲೆಮಾರನ್ನು ದಾಟಿ ಬಂದಿತ್ತು. ಇಂಥ ಆನುವಂಶಿಕತೆಯಲ್ಲಿ ಇದು ವಿಚಿತ್ರವಲ್ಲ. ಜೀನ್ ದಾಟಿದರೂ ಎಲ್ಲರಲ್ಲೂ ಲಕ್ಷಣವಾಗಿ ಮೂಡಲೇಬೇಕೆಂದಿಲ್ಲ. ಅವನ ಧಮನಿ ಸಹಜ ಅಳತೆಯಲ್ಲಿದೆ, ಕವಾಟ ಚೆನ್ನಾಗಿದೆ, ಕೆಲವು ವರ್ಷಕ್ಕೊಮ್ಮೆ ಎಕೋ ಮಾಡಿಸುತ್ತಾ ಹೋದರೆ ಸಾಕು. ಹೆಳವರ ಪುಸ್ತಕದಲ್ಲಿ ಈ ಹುಡುಗ ನಮ್ಮ ವಂಶದವನಲ್ಲ, ಬೇರೆ ಬೆಡಗಿನವನು. ನಮ್ಮ ಅಜ್ಜನ ಕವಾಟ ಮಾತ್ರ ಅವನ ಎದೆಯಲ್ಲಿದೆ. ಹೆಣ್ಣುಮಕ್ಕಳನ್ನು ಬಿಟ್ಟು ಬರೆದ ಯಾವ ವಂಶಾವಳಿಯೂ ವೈದ್ಯರಿಗೆ ಅರ್ಧ ಕುರುಡು ಎಂದು ನಾನು ಹೇಳುವುದು ಇದಕ್ಕಾಗಿಯೇ.

ಇನ್ನು ಅತ್ತೆಯ ಹಿರಿಯ ಮಗಳು ಯಾರು ಎಂದರೆ ನಮ್ಮ ವೈನಿ. ಅಣ್ಣ ಸೋದರತ್ತೆಯ ಮಗಳನ್ನೇ ಮದುವೆಯಾದವನು. ದೇಶದಲ್ಲಿ ರಕ್ತಸಂಬಂಧದ ಮದುವೆಗಳು ಹೆಚ್ಚಿರುವ ರಾಜ್ಯಗಳಲ್ಲಿ ಕರ್ನಾಟಕವೂ ಒಂದು, ನಮ್ಮ ಕಡೆ ಸೋದರಮಾವನಿಗೋ ಅತ್ತೆಯ ಮಗನಿಗೋ ಕೊಡುವುದು ಪ್ರೀತಿಯ ಪದ್ಧತಿ. ನಾನು ಅದನ್ನು ಹೀಗಳೆಯುವುದಿಲ್ಲ. ಹೊಲ ಒಡೆಯದಂತೆ, ಹುಡುಗಿ ಪರಕೀಯಳಾಗದಂತೆ ಕಾಯ್ದದ್ದು ಅದೇ. ಆದರೆ ಇಂಥ ಮದುವೆಯಲ್ಲಿ ಹುಟ್ಟಿದ ಮಕ್ಕಳಿಗೆ ಒಂದೇ ಅಜ್ಜನ ಗುಣ ಎರಡು ದಾರಿಯಿಂದ ಬರಬಹುದು ಎನ್ನುವುದನ್ನು ಮರೆಯಬಾರದು. ಅಣ್ಣನ ಮಗನಿಗೆ ಎರಡೆಸಳಿದೆ, ಮಗಳಿಗಿಲ್ಲ. ತಂದೆಯ ಕಡೆಯಿಂದ ಬಂತೋ ತಾಯಿಯ ಕಡೆಯಿಂದ ಬಂತೋ ಹೇಳಲು ಬರುವುದಿಲ್ಲ.

ಈ ಓಡಾಟದಲ್ಲಿ ಜನ ನನ್ನನ್ನು ಹೆಚ್ಚಾಗಿ ಕೇಳಿದ್ದು ಬೇರೆ ಪ್ರಶ್ನೆ. "ನಮ್ಮ ಅಕ್ಕನಿಗೂ ವಾಲ್ವ್ ತೊಂದರೆ, ನನ್ನ ಮಗಳಿಗೂ ಬರುತ್ತದೆಯೇ?" ಇಲ್ಲಿ ಬೇರ್ಪಡಿಸಿ ನೋಡಲೇಬೇಕಾದ ಸಂಗತಿಯಿದೆ. ನಮ್ಮ ಭಾಗದಲ್ಲಿ ಎಳೆಯ ವಯಸ್ಸಿನ ಕವಾಟದ ರೋಗಿಗಳಲ್ಲಿ ಬಹಳ ಜನರಿಗೆ ಅದು ಹುಟ್ಟಿನಿಂದ ಬಂದದ್ದಲ್ಲ, ರುಮ್ಯಾಟಿಕ್ ಜ್ವರದಿಂದ ಬಂದದ್ದು. ಐದರಿಂದ ಹದಿನೈದು ವರ್ಷದ ಮಕ್ಕಳಿಗೆ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಗಂಟಲು ನೋವು ಬರುತ್ತದೆ. ಕೆಲವು ವಾರಗಳ ನಂತರ ಜ್ವರ, ಒಂದು ಕೀಲಿನಿಂದ ಇನ್ನೊಂದಕ್ಕೆ ಓಡಾಡುವ ನೋವು, ಬಾವು. ಬ್ಯಾಕ್ಟೀರಿಯಾದ ವಿರುದ್ಧ ಎದ್ದ ದೇಹದ ರಕ್ಷಣಾ ಪಡೆ ತನ್ನದೇ ಕವಾಟವನ್ನು, ಹೆಚ್ಚಾಗಿ ಎಡಭಾಗದ ಮೈಟ್ರಲ್ ಕವಾಟವನ್ನು, ಗಾಯಗೊಳಿಸುತ್ತದೆ. ಒಂದೇ ಮನೆಯಲ್ಲಿ ಇಬ್ಬರು ಮೂವರಿಗೆ ಕಾಣಿಸಿಕೊಳ್ಳುವುದಕ್ಕೆ ಇಕ್ಕಟ್ಟಿನ ಮನೆ, ಹಂಚಿಕೊಂಡ ಸೋಂಕು ಮುಖ್ಯ ಕಾರಣ. ಹಾಗೆಂದು ರಕ್ತಕ್ಕೆ ಏನೂ ಪಾತ್ರವಿಲ್ಲ ಎನ್ನುವ ಹಾಗೂ ಇಲ್ಲ. ಅವಳಿಗಳ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2011ರಲ್ಲಿ ನೋಡಿದಾಗ, ಒಬ್ಬರಿಗೆ ರುಮ್ಯಾಟಿಕ್ ಜ್ವರ ಬಂದಿದ್ದರೆ ತದ್ರೂಪಿ ಅವಳಿಗೂ ಬರುವ ಸಂಭವ ಶೇ 44, ತದ್ರೂಪಿಯಲ್ಲದ ಅವಳಿಗೆ ಶೇ 12 ಎಂದು ಕಂಡುಬಂತು. ಸೋಂಕು ಹೊರಗಿನದು, ಅದಕ್ಕೆ ಬಗ್ಗುವ ಗುಣ ಒಂದಷ್ಟು ಮನೆತನದ್ದು.

ನಾನು ಶಾಲೆಯಲ್ಲಿ ಪಾಠ ಮಾಡುವವಳು, ಹಾಗಾಗಿ ಇದನ್ನು ಸ್ವಲ್ಪ ಒತ್ತಿ ಹೇಳುತ್ತೇನೆ. ಗಂಟಲು ನೋವು, ನಂತರ ಮೊಣಕಾಲು ಬಾವು ಎನ್ನುವ ಮಗುವನ್ನು ಆಟದ ಪೆಟ್ಟು ಎಂದು ಬಿಡಬಾರದು. ಒಮ್ಮೆ ರೋಗ ಖಚಿತವಾದರೆ ಮೂರು ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ಅನ್ನು ವರ್ಷಗಟ್ಟಲೆ ಕೊಡಿಸಬೇಕು. ಕವಾಟ ಇನ್ನಷ್ಟು ಕೆಡದಂತೆ ತಡೆಯುವುದು ಅದೇ. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವೈದ್ಯರ ತಂಡ ಶಾಲೆಗೆ ಬರುತ್ತದೆ, ಹುಟ್ಟಿನಿಂದ ಬಂದ ಹೃದಯದ ತೊಂದರೆ ಮತ್ತು ರುಮ್ಯಾಟಿಕ್ ತೊಂದರೆ ಎರಡನ್ನೂ ಅದು ನೋಡುತ್ತದೆ. ಆದರೆ ಸ್ಟೆತಸ್ಕೋಪಿಗೆ ಸದ್ದೇ ಕೊಡದ ಎರಡೆಸಳಿನ ಕವಾಟ ಅಲ್ಲಿ ತಪ್ಪಿಸಿಕೊಳ್ಳಬಹುದು. ಮನೆಯಲ್ಲಿ ಯಾರಿಗಾದರೂ ಇದ್ದರೆ ಪಾಲಕರೇ ಬಾಯಿಬಿಟ್ಟು ಹೇಳಬೇಕು. ಮನೆತನದಲ್ಲಿ ಹರಿಯುವುದು ಎರಡೆಸಳಿನ ಕವಾಟ ಒಂದೇ ಅಲ್ಲ. ಮೈಟ್ರಲ್ ಕವಾಟ ಹಿಂದಕ್ಕೆ ಜೋಲುವ ತೊಂದರೆ ನೂರರಲ್ಲಿ ಎರಡು ಮೂರು ಜನರಿಗಿರುತ್ತದೆ, ಅದಕ್ಕೂ ಮನೆತನದ ನಂಟು ಇರುವುದುಂಟು, ಹೆಚ್ಚಿನವರಿಗೆ ಅದರಿಂದ ಅಪಾಯವಿಲ್ಲ. ಮಾರ್ಫಾನ್ ಎಂಬ ಸ್ಥಿತಿ ಐದು ಸಾವಿರದಲ್ಲಿ ಒಬ್ಬರಿಗೆ. ಬಹಳ ಎತ್ತರ, ಉದ್ದನೆಯ ತೋಳು ಬೆರಳು, ಕಣ್ಣಿನ ಮಸೂರ ಜಾರುವುದು, ಜೊತೆಗೆ ಕವಾಟ ಮತ್ತು ಮಹಾಧಮನಿಯ ದೌರ್ಬಲ್ಯ. ತಂದೆ ತಾಯಿಯಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ. "ನಮ್ಮದು ಎತ್ತರದ ಮನೆತನ" ಎಂದು ಹೆಮ್ಮೆಪಡುವ ಮನೆಯಲ್ಲಿ ಎಳೆಯ ವಯಸ್ಸಿನ ಸಾವುಗಳೂ ಇದ್ದರೆ ಒಮ್ಮೆ ತೋರಿಸಿಕೊಳ್ಳುವುದು ಒಳ್ಳೆಯದು.

ಎಲ್ಲಕ್ಕಿಂತ ದೊಡ್ಡ ಅಡ್ಡಿ ಬಂದದ್ದು ಲಗ್ನದ ಮಾತಿನಿಂದ. "ಬರೆದುಕೊಳ್ಳುವುದು ಬೇಡ. ನಾಳೆ ಹುಡುಗಿಯನ್ನು ನೋಡಲು ಬರುವವರ ಕಿವಿಗೆ ಬಿದ್ದರೆ?" ಎಂದು ಒಬ್ಬ ಹಿರಿಯರು ನನ್ನ ನೋಟ್‌ಬುಕ್ಕನ್ನೇ ಮುಚ್ಚಿದರು. ಅವರ ಭಯ ಸುಳ್ಳಲ್ಲ. ಹೃದಯ ಎಂಬ ಶಬ್ದ ಕಿವಿಗೆ ಬಿದ್ದರೆ ಸಂಬಂಧ ಮುರಿಯುವವರು ನಮ್ಮ ನಡುವೆಯೇ ಇದ್ದಾರೆ. ಆದರೆ ಬಸಿರಿನಲ್ಲಿ ಮೈಯ ರಕ್ತದ ಪ್ರಮಾಣ ಶೇ 40ಕ್ಕೂ ಹೆಚ್ಚು ಏರುತ್ತದೆ. ಕಿರಿದಾದ ಕವಾಟ, ಹಿಗ್ಗಿದ ಧಮನಿ ಅಷ್ಟು ಭಾರವನ್ನು ಹೊರಲಾರದೆ ಹೋದರೆ ಏಳೆಂಟನೆಯ ತಿಂಗಳಲ್ಲಿ ಹುಡುಗಿ ಮಲಗಲೂ ಆಗದೆ ಕುಳಿತೇ ಉಸಿರಾಡುತ್ತಾಳೆ. ಮುಂಚೆ ತಿಳಿದಿದ್ದರೆ ಬಸಿರಿಗಿಂತ ಮೊದಲೇ ಸರಿಪಡಿಸಬಹುದಾಗಿದ್ದುದು ಆಗ ತಾಯಿ ಮಗು ಇಬ್ಬರ ಜೀವದ ಪ್ರಶ್ನೆಯಾಗುತ್ತದೆ. ಮುಚ್ಚಿಟ್ಟು ಮದುವೆ ಮಾಡುವುದರಿಂದ ಹುಡುಗಿಯನ್ನು ಕಾಪಾಡಿದಂತಾಗುವುದಿಲ್ಲ. ಆ ಹಿರಿಯರಿಗೆ ನಾನು ಇದನ್ನು ಸಿಟ್ಟಿನಿಂದಲ್ಲ, ಅವರ ಕೈ ಹಿಡಿದು ಹೇಳಿದೆ. ನೋಟ್‌ಬುಕ್ ತೆರೆಯಲು ಅವರು ಆವತ್ತು ಬಿಡಲಿಲ್ಲ.

ಈಗ ನಮ್ಮ ಮನೆಯಲ್ಲೊಂದು ದೊಡ್ಡ ಹಾಳೆಯಿದೆ. ಅಜ್ಜ ಆಯಿಯಿಂದ ಹಿಡಿದು ಮೊನ್ನೆ ಹುಟ್ಟಿದ ಕೂಸಿನ ತನಕ, ಗಂಡು ಹೆಣ್ಣು ಎನ್ನದೆ ಎಲ್ಲರೂ ಅದರಲ್ಲಿದ್ದಾರೆ. ಸತ್ತವರ ಮುಂದೆ ವಯಸ್ಸು, ಸಾಯುವಾಗ ಕಂಡವರು ಹೇಳಿದ ಮಾತು; ಬದುಕಿರುವವರ ಮುಂದೆ ಎಕೋ ಆಗಿದೆಯೇ, ಎಸಳು ಎಷ್ಟು, ಧಮನಿಯ ಅಳತೆ ಎಷ್ಟು, ಮುಂದಿನ ಪರೀಕ್ಷೆ ಯಾವಾಗ ಎಂದು ಬರೆದಿದ್ದೇನೆ. ದೃಷ್ಟಿ, ಹಾವು, ದಮ್ಮು ಎಂದು ಅವರು ಹೇಳಿದ್ದನ್ನು ಹಾಗೆಯೇ ಬರೆದುಕೊಂಡಿದ್ದೇನೆ, ತಿದ್ದಿಲ್ಲ. ಅರ್ಥ ಮಾಡುವುದು ವೈದ್ಯರ ಕೆಲಸ. ಹಾಳೆಯ ನಕಲು ಎಲ್ಲ ಮನೆಗಳಿಗೂ ಹೋಗಿದೆ. ಯಾರಾದರೂ ಆಸ್ಪತ್ರೆಗೆ ಹೋಗುವಾಗ ಮೊಬೈಲಿನಲ್ಲಿ ಅದರ ಚಿತ್ರ ಇರಬೇಕೆಂದು ಹೇಳಿಟ್ಟಿದ್ದೇನೆ.

ಒಂದು ಕವಲು ಇನ್ನೂ ಖಾಲಿಯಿದೆ. ಮುಳುಗಡೆಯ ಹೊತ್ತಿಗೆ ಸಾಂಗಲಿಯ ಕಡೆ ಹೋದ ದೊಡ್ಡಪ್ಪನ ಮಕ್ಕಳು ಪರೀಕ್ಷೆಗೆ ಒಪ್ಪಿಲ್ಲ. ಮೊದಲು ಮಗಳ ಲಗ್ನ ಮುಗಿಯಲಿ ಎನ್ನುತ್ತಿದ್ದಾರೆ. ಅವರಿಗೆ ಫೋನ್ ಮಾಡುವುದನ್ನು ಈಗ ವೈನಿ ವಹಿಸಿಕೊಂಡಿದ್ದಾರೆ. ನಾನು ಮಾತನಾಡಿದರೆ ಮೇಷ್ಟರ ಪಾಠವಾಗುತ್ತದಂತೆ, ಅವರು ಮಾತನಾಡಿದರೆ ಗಂಡನನ್ನು ಉಳಿಸಿಕೊಂಡವಳ ಮಾತಾಗುತ್ತದೆ. ಹುಡುಗಿಯೇ ಹೋದ ವಾರ ವೈನಿಗೆ ತಿರುಗಿ ಫೋನ್ ಮಾಡಿ, ಎಕೋ ಮಾಡಿಸಲು ಊಟ ಬಿಟ್ಟು ಬರಬೇಕೇ ಎಂದು ಕೇಳಿದ್ದಾಳೆ. ಉಂಡೇ ಬಾ ಎಂದಿದ್ದಾರೆ ವೈನಿ.